ನನ್ನ ಪೇಷಂಟನ್ನು ನಾನೇ ಅಡ್ಮಿಟ್ ಮಾಡುವ ಹಕ್ಕು

ಮುಂಬೈಯಲ್ಲಿ ಫ್ಯಾಮಿಲಿ ಡಾಕ್ಟರ್ ಕೆಲಸ ಸಾಮಾನ್ಯವಾಗಿ ಆಸ್ಪತ್ರೆಯ ಗೇಟಿನಲ್ಲಿ ಮುಗಿಯುತ್ತದೆ. ನಾವು ಒಂದು ಚೀಟಿ ಬರೆದು ಕೊಡುತ್ತೇವೆ. ಪೇಷಂಟ್ ಒಳಗೆ ಹೋಗುತ್ತಾರೆ. ಮುಂದಿನ ಸುದ್ದಿ ಸಿಗುವುದು ಅವರು ಡಿಸ್ಚಾರ್ಜ್ ಕಾರ್ಡ್ ಹಿಡಿದುಕೊಂಡು ಮತ್ತೆ ಕ್ಲಿನಿಕ್‌ಗೆ ಬಂದಾಗ. ಕೆಲವರ ಹತ್ತಿರ ಆ ಕಾರ್ಡೂ ಇರುವುದಿಲ್ಲ. ಇನ್ಶೂರೆನ್ಸ್‌ಗೆ ಕೊಟ್ಟುಬಿಟ್ಟೆವು ಅನ್ನುತ್ತಾರೆ. ಒಳಗೆ ಏನಾಯಿತು, ಯಾವ ಮಾತ್ರೆ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಅನ್ನುವುದನ್ನು ಪೇಷಂಟ್ ಬಾಯಿಂದಲೇ ಕೇಳಿ ತಿಳಿದುಕೊಳ್ಳಬೇಕು.

ನನ್ನ ಕ್ಲಿನಿಕ್ ಭಾಂಡೂಪ್ ಪಶ್ಚಿಮದಲ್ಲಿದೆ. ಬರುವವರಲ್ಲಿ ಕನ್ನಡದವರು ಜಾಸ್ತಿ. ಹೋಟೆಲ್ ನಡೆಸುವ ಉಡುಪಿ, ಕುಂದಾಪುರದ ಕಡೆಯವರು. ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ಮನೆ ಮಾಡಿಕೊಂಡ ವಿಜಯಪುರ, ಕಲಬುರಗಿಯವರು. ಅಜ್ಜಿಯ ಬಿಪಿ, ಮಗಳ ಥೈರಾಯ್ಡ್, ಮೊಮ್ಮಗನ ಲಸಿಕೆ ಎಲ್ಲವೂ ಒಂದೇ ಮನೆಯ ಒಂದೇ ಫೈಲಿನಲ್ಲಿವೆ. ನಾನು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಆಮೇಲೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಅನ್ನುವ ಸ್ನಾತಕೋತ್ತರ ಡಿಗ್ರಿ ಮಾಡಿದವಳು. ಅದು ಮೂರು ವರ್ಷದ ಕೋರ್ಸ್. ಮೆಡಿಸಿನ್, ಸರ್ಜರಿ, ಮಕ್ಕಳ ವಾರ್ಡ್, ಹೆರಿಗೆ ವಾರ್ಡ್, ಎಮರ್ಜೆನ್ಸಿ ಎಲ್ಲ ಕಡೆ ದುಡಿಸುತ್ತಾರೆ. ಇಷ್ಟೆಲ್ಲ ವಾರ್ಡಿನಲ್ಲಿ ಕಲಿತವರು ಕ್ಲಿನಿಕ್ ತೆರೆದ ದಿನದಿಂದ ವಾರ್ಡಿಗೆ ಹೊರಗಿನವರಾಗಿಬಿಡುತ್ತಾರೆ.

ಅಡ್ಮಿಟ್ ಮಾಡುವ ಹಕ್ಕು ಕೇಳಲೇಬೇಕು ಅಂತ ನನಗೆ ಅನ್ನಿಸಿದ್ದು ಕಲಬುರಗಿ ಕಡೆಯ ಒಬ್ಬ ತಾಯಿಯಿಂದ. ಅವರಿಗೆ ಸಂಧಿವಾತ. ವರ್ಷಗಟ್ಟಲೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರು. ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್‌ಗೆ ಒಂದು ಆಸ್ಪತ್ರೆ ಸೇರಿದರು. ಸ್ಟೀರಾಯ್ಡ್ ವಿಷಯವನ್ನು ನಾನು ಪತ್ರದಲ್ಲಿ ಅಡಿಗೆರೆ ಎಳೆದು ಬರೆದಿದ್ದೆ. ಆ ಪತ್ರ ಕ್ಯಾಶುವಾಲ್ಟಿ ದಾಟಿ ಮುಂದೆ ಹೋಗಲೇ ಇಲ್ಲ. ಹೊರಗಿನಿಂದ ತುಂಬಾ ದಿನ ಸ್ಟೀರಾಯ್ಡ್ ಕೊಟ್ಟರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಆಪರೇಷನ್ ಹೊತ್ತಿಗೆ ದೇಹಕ್ಕೆ ಅದು ಇನ್ನೂ ಜಾಸ್ತಿ ಬೇಕು. ಇಲ್ಲಿ ಆಗಿದ್ದು ಉಲ್ಟಾ, ಮನೆಯ ಮಾತ್ರೆಗಳೆಲ್ಲ ನಿಂತುಹೋದವು. ಆಪರೇಷನ್ ಆದ ರಾತ್ರಿ ಬಿಪಿ ಇಳಿಯತೊಡಗಿತು. ಸಲೈನ್ ಹಾಕಿದರೂ ಏರಲಿಲ್ಲ. ಮಗ ಗಾಬರಿಯಾಗಿ ನನಗೆ ಫೋನ್ ಮಾಡಿದ. ನಾನು ಡ್ಯೂಟಿ ಡಾಕ್ಟರ್ ಜೊತೆ ಮಾತಾಡಿದೆ. ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಬಿಪಿ ಇಳಿಯುವುದು ನಿಂತಿತು. ಆ ಡ್ಯೂಟಿ ಡಾಕ್ಟರ್ ನನ್ನ ಮಾತು ಕೇಳಿದ್ದು ಅವನ ಒಳ್ಳೆಯತನ. ಕೇಳಲೇಬೇಕು ಅನ್ನುವ ನಿಯಮ ಏನೂ ಇರಲಿಲ್ಲ. ಆ ಕೇಸ್ ಪೇಪರ್ ಮೇಲೆ ಒಂದು ಸಾಲು ಬರೆಯುವ ಅಧಿಕಾರವೂ ನನಗಿರಲಿಲ್ಲ.

ಆ ತಾಯಿ ಮನೆಗೆ ಬಂದ ಮೇಲೆ ಹೇಳಿದ ಮಾತು: "ಡಾಕ್ಟರ್ ಅಕ್ಕಾರ, ಇನ್ನೊಮ್ಮೆ ಹಿಂಗಾದ್ರ ನೀವೂ ಒಳಗ ಬರ್ರಿ. ನಿಮ್ಮನ್ನ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ."

ಒಳಗೆ ಹೋಗುವ ದಾರಿ ಒಂದೇ ತರಹ ಇಲ್ಲ. ಮುನ್ಸಿಪಲ್ ಆಸ್ಪತ್ರೆಗಳಲ್ಲಿ ಅವರದೇ ಯೂನಿಟ್‌ಗಳಿರುತ್ತವೆ, ಹೊರಗಿನವರಿಗೆ ಜಾಗ ಇಲ್ಲ. ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಫುಲ್ ಟೈಮ್ ಸ್ಪೆಷಲಿಸ್ಟ್‌ಗಳೇ ಜಾಸ್ತಿ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಮಾಲೀಕ ಡಾಕ್ಟರ್ ಜೊತೆ ಪರಿಚಯ ಇದ್ದರೆ 'ಅಟ್ಯಾಚ್‌ಮೆಂಟ್', ಅಂದರೆ ಅಲ್ಲಿ ನಮ್ಮ ಪೇಷಂಟನ್ನು ಅಡ್ಮಿಟ್ ಮಾಡಿ ನೋಡುವ ಅವಕಾಶ, ಸಿಗುತ್ತದೆ, ಅದೂ ಬಾಯಿಮಾತಿನಲ್ಲಿ. ನರ್ಸಿಂಗ್ ಹೋಮ್‌ಗಳ ನೋಂದಣಿಗೆ 1949ರ ಕಾನೂನು ಇದೆ. ಆದರೆ ಯಾವ ಡಾಕ್ಟರ್ ಎಂಥ ಪೇಷಂಟನ್ನು ಅಡ್ಮಿಟ್ ಮಾಡಬಹುದು ಅನ್ನುವುದನ್ನು ಆಯಾ ಆಸ್ಪತ್ರೆಯೇ ತೀರ್ಮಾನಿಸುತ್ತದೆ. ಎನ್‌ಎಬಿಎಚ್, ಅಂದರೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಅದರ ಮಾನ್ಯತೆ ಬೇಕು ಅನ್ನುವ ಆಸ್ಪತ್ರೆಯಾದರೆ ಇದನ್ನು ಬರಹದಲ್ಲಿ ಇಡಬೇಕು. ಪ್ರತಿ ಡಾಕ್ಟರ್‌ನ ಓದು, ಅನುಭವ ಪರಿಶೀಲಿಸಿ, ಏನೇನು ಮಾಡಬಹುದು ಅನ್ನುವ ಪಟ್ಟಿ ಕೊಡಬೇಕು. ನನಗೆ ಬೇಕಾದದ್ದು ಅದೇ. ಬಾಯಿಮಾತಿನ ಸಲುಗೆ ನಾಳೆ ಮ್ಯಾನೇಜರ್ ಬದಲಾದರೆ ಹೋಯಿತು. ಹಾಗಾಗಿ ಕ್ಲಿನಿಕ್‌ಗೆ ಹತ್ತಿರವಿರುವ, ಎನ್‌ಎಬಿಎಚ್ ಇರುವ ಒಂದು ಟ್ರಸ್ಟ್ ಆಸ್ಪತ್ರೆಗೆ ಅರ್ಜಿ ಹಾಕಿದೆ.

ಕಾಗದಪತ್ರದ ಕೆಲಸ ಬೇಸರ ತರಿಸಿತು, ಆದರೆ ಕಷ್ಟದ್ದೇನಲ್ಲ. ಡಿಗ್ರಿಗಳು, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿ, ಅದರ ನವೀಕರಣ. ನಾನು ಮೊದಲು ಕರ್ನಾಟಕದಲ್ಲಿ ನೋಂದಣಿ ಮಾಡಿಸಿದ್ದವಳು. ಇಲ್ಲಿಗೆ ಬಂದಾಗ ಅಲ್ಲಿಂದ ಎನ್‌ಒಸಿ ತಂದಿದ್ದೆ, ಅದರ ನಕಲೂ ಕೇಳಿದರು. ಚಿಕಿತ್ಸೆಯಲ್ಲಿ ತಪ್ಪಾಗಿ ಪರಿಹಾರ ಕೊಡಬೇಕಾಗಿ ಬಂದರೆ ಆಗುವ ಇಂಡೆಮ್ನಿಟಿ ಇನ್ಶೂರೆನ್ಸ್ ಬೇಕು. ಹೃದಯ ನಿಂತಾಗ ಜೀವ ಉಳಿಸುವ ತರಬೇತಿಯ ಎಸಿಎಲ್‌ಎಸ್ ಕಾರ್ಡ್ ಬೇಕು, ಅದು ಎರಡು ವರ್ಷಕ್ಕೊಮ್ಮೆ ಮುಗಿಯುತ್ತದೆ. ನನ್ನನ್ನು ಕೆಲಸದಲ್ಲಿ ನೋಡಿರುವ ಹಿರಿಯ ಡಾಕ್ಟರ್‌ಗಳ ಪತ್ರ ಬೇಕು. ಡಿಗ್ರಿ ನಿಜವೇ ಅಂತ ಆಸ್ಪತ್ರೆಯವರೇ ನೇರವಾಗಿ ಹುಬ್ಬಳ್ಳಿಗೆ ಬರೆದು ಕೇಳಿದರು. ಅಲ್ಲಿಂದ ಉತ್ತರ ಬರುವುದು ತಡವಾಯಿತು. ಆದರೂ ಈ ಕ್ರಮ ನನಗೆ ಸರಿ ಅನ್ನಿಸಿತು. ನನ್ನ ತಾಯಿ ಅಲ್ಲಿ ಮಲಗಿದ್ದರೆ ನಾನೂ ಇದನ್ನೇ ಬಯಸುತ್ತಿದ್ದೆ.

ಅರ್ಜಿ ಅಲ್ಲೇ ಇರುವಾಗ ಬೇರೊಂದು ಆಸ್ಪತ್ರೆಯ ಮಾರ್ಕೆಟಿಂಗ್ ಹುಡುಗ ಕ್ಲಿನಿಕ್‌ಗೆ ಬಂದ. ಮಿಠಾಯಿ ಡಬ್ಬ ತಂದಿದ್ದ. "ಮೇಡಂ, ನೀವು ಯಾಕೆ ಒಳಗೆ ಬರುವ ತೊಂದರೆ ತೆಗೆದುಕೊಳ್ತೀರಿ? ಪೇಷಂಟ್ ಕಳಿಸಿ. ನಿಮ್ಮದು ನಿಮಗೆ ಪ್ರತಿ ತಿಂಗಳು ಮುಟ್ಟುತ್ತೆ" ಅಂದ. ಮುಂಬೈಯಲ್ಲಿ ಇದಕ್ಕೆ ಕಟ್ ಪ್ರಾಕ್ಟಿಸ್ ಅನ್ನುತ್ತಾರೆ. ಭಾರತೀಯ ಮೆಡಿಕಲ್ ಕೌನ್ಸಿಲ್‌ನ 2002ರ ನಡತೆ ನಿಯಮಗಳಲ್ಲಿ ಇಂಥ ಕಮಿಷನ್‌ಗೆ ನಿಷೇಧ ಇದೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನು ತಡೆಯಲು ಪ್ರತ್ಯೇಕ ಕಾನೂನಿನ ಕರಡನ್ನೂ ಮಾಡಿಸಿತ್ತು. ನಾನು ಡಬ್ಬ ವಾಪಸ್ ಕೊಟ್ಟೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸಂಬಳಕ್ಕೆ ದುಡಿಯುವ ಹುಡುಗ. ಸಿಟ್ಟು ಬಂದದ್ದು ಈ ಏರ್ಪಾಡಿನ ಮೇಲೆ. ಫ್ಯಾಮಿಲಿ ಡಾಕ್ಟರನ್ನು ಗೇಟಿನ ಹೊರಗೆ ನಿಲ್ಲಿಸಿ, ಕಳಿಸಿದ್ದಕ್ಕೆ ಲಕೋಟೆ ಕೊಡುವುದು. ಆ ಲಕೋಟೆಯ ಹಣ ಕೊನೆಗೆ ಪೇಷಂಟ್ ಬಿಲ್ಲಿನಲ್ಲೇ ಎಲ್ಲೋ ಸೇರಿಕೊಂಡಿರುತ್ತದೆ, ಕಾಣುವುದಿಲ್ಲ ಅಷ್ಟೆ. ನಾನು ದಿನಾ ರೌಂಡ್‌ಗೆ ಹೋಗಿ, ನೋಡಿ, ಬರೆದು, ಅದರ ವಿಸಿಟ್ ಚಾರ್ಜ್ ನನ್ನ ಹೆಸರಿನಲ್ಲಿ ಬಿಲ್ಲಿನಲ್ಲಿ ಬಂದರೆ ಅದರಲ್ಲಿ ಮುಚ್ಚಿಡುವುದು ಏನಿದೆ? ಜಾಸ್ತಿ ಅನ್ನಿಸಿದರೆ ಪೇಷಂಟ್ ಮುಖಕ್ಕೇ ಕೇಳಬಹುದು.

ನನ್ನ ಅರ್ಜಿ ನೋಡುವ ಆಸ್ಪತ್ರೆಯ ಕಮಿಟಿ ಮುಂದೆ ಕೂತ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೆಡಿಕಲ್ ಡೈರೆಕ್ಟರ್, ಹಿರಿಯ ಫಿಸಿಶಿಯನ್, ಒಬ್ಬ ಸರ್ಜನ್, ಐಸಿಯು ಮುಖ್ಯಸ್ಥೆ, ಮೇಟ್ರನ್ ಇದ್ದರು. ಮೊದಲ ಪ್ರಶ್ನೆಯನ್ನೇ ಫಿಸಿಶಿಯನ್ ಎಸೆದರು. "ನಮ್ಮಲ್ಲಿ ಎಂಡಿ ಮೆಡಿಸಿನ್ ಮಾಡಿದವರು ಇಷ್ಟು ಜನ ಇದ್ದೀವಿ. ಫ್ಯಾಮಿಲಿ ಡಾಕ್ಟರ್ ಯಾಕೆ ಅಡ್ಮಿಟ್ ಮಾಡಬೇಕು?" ದನಿಯಲ್ಲಿ ತಿರಸ್ಕಾರ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವರಿಗೆ. ನಾನು ಸ್ಟೀರಾಯ್ಡ್ ಕೇಸನ್ನು ಹೆಸರು ಬಿಟ್ಟು ಹೇಳಿದೆ. ಪೇಷಂಟ್ ಯಾವ ಮಾತ್ರೆ ನಿಜವಾಗಿ ನುಂಗುತ್ತಾರೆ, ಯಾವುದನ್ನು ಬರೀ ಡಬ್ಬದಲ್ಲಿ ಇಟ್ಟಿರುತ್ತಾರೆ, ಮನೆಯಲ್ಲಿ ಇನ್ಸುಲಿನ್ ಚುಚ್ಚುವವರು ಯಾರು, ಫ್ರಿಜ್ ಇದೆಯೇ, ಇವೆಲ್ಲ ನನಗೆ ಗೊತ್ತು. ಡಿಸ್ಚಾರ್ಜ್ ಆದ ಮೇಲೆ ಅವರು ಬರುವುದೂ ನನ್ನ ಹತ್ತಿರವೇ. ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಮಾತ್ರ ನನಗೆ ಗೊತ್ತಿಲ್ಲದೆ ಇರುವುದು ಯಾಕೆ ಅಂತ ಕೇಳಿದೆ.

ಅವರ ಮುಂದಿನ ಮಾತು ಇನ್ನೂ ಗಟ್ಟಿಯಾಗಿತ್ತು. "ಎಲ್ಲರೂ ಕೇಸ್ ಪೇಪರ್ ಮೇಲೆ ಬರೆದರೆ ಸಿಸ್ಟರ್ ಯಾರ ಮಾತು ಕೇಳಬೇಕು? ಒಂದೇ ಸ್ಟೇರಿಂಗ್ ಇಬ್ಬರು ಹಿಡಿದ ಹಾಗೆ ಆಗುತ್ತೆ." ಇದಕ್ಕೆ ನನ್ನ ಹತ್ತಿರ ಎದುರು ಮಾತಿರಲಿಲ್ಲ, ಯಾಕೆಂದರೆ ಅದು ಸರಿ. ಒಬ್ಬ ಪೇಷಂಟ್‌ಗೆ ಇನ್‌ಚಾರ್ಜ್ ಒಬ್ಬರೇ ಇರಬೇಕು. ನನ್ನ ಹೆಸರಲ್ಲಿ ಇದ್ದರೆ ನಾನು, ಸ್ಪೆಷಲಿಸ್ಟ್ ಹೆಸರಿಗೆ ಹೋದ ಮೇಲೆ ಅವರು. ಆಮೇಲೆ ನಾನು ಬರೆಯುವುದು ಸಲಹೆ ಮಾತ್ರ, ಆರ್ಡರ್ ಅಲ್ಲ. ಇದನ್ನು ನಿಯಮದಲ್ಲೇ ಹಾಕಿ ಅಂತ ನಾನೇ ಕೇಳಿಕೊಂಡೆ. ಅದೇ 2002ರ ನಿಯಮಗಳಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಸ್ಪೆಷಲಿಸ್ಟ್ ಹತ್ತಿರ ಕಳಿಸುವ ಡಾಕ್ಟರ್ ಕೇಸಿನ ಸಾರಾಂಶ ಕೊಡಬೇಕು, ಸ್ಪೆಷಲಿಸ್ಟ್ ತನ್ನ ಅಭಿಪ್ರಾಯವನ್ನು ಬರಹದಲ್ಲಿ ಆ ಡಾಕ್ಟರ್‌ಗೆ ತಿಳಿಸಬೇಕು. ಇದನ್ನೂ ನೆನಪಿಸಿದೆ. ಫಿಸಿಶಿಯನ್ ತಲೆಯಾಡಿಸಿದರು. "ನಾವು ಬರೆಯೋದಿಲ್ಲ, ನಿಜ" ಅಂದರು. ಆ ಒಂದು ಮಾತಿನಿಂದ ಅವರ ಮೇಲೆ ಗೌರವ ಹೆಚ್ಚಾಯಿತು.

ಐಸಿಯು ಮುಖ್ಯಸ್ಥೆ ಕೇಳಿದ್ದು ಸಮಯದ ಬಗ್ಗೆ. ರಾತ್ರಿ ಎರಡಕ್ಕೆ ಕರೆದರೆ ಬರ್ತೀರಾ? ಸಂಜೆ ಓಪಿಡಿ ತುಂಬಿರುವಾಗ ವಾರ್ಡಿನಲ್ಲಿ ಒಬ್ಬರಿಗೆ ಉಸಿರು ಕಷ್ಟವಾದರೆ? ಮಳೆಗಾಲದಲ್ಲಿ ಎಲ್‌ಬಿಎಸ್ ರೋಡ್ ಗತಿ ಅವರಿಗೂ ಗೊತ್ತು. ಮುಲುಂಡ್‌ನಲ್ಲಿ ಇರುವ ನನ್ನ ಗೆಳತಿ, ಅವಳೂ ಇದೇ ಡಿಗ್ರಿಯವಳು, ನನ್ನ ಬದಲಿಗೆ ಬರಲು ಒಪ್ಪಿ ಬರೆದುಕೊಟ್ಟ ಪತ್ರ ಕೊಟ್ಟೆ. ಅದಿಲ್ಲದಿದ್ದರೆ ಅರ್ಜಿ ಅಲ್ಲೇ ಬೀಳುತ್ತಿತ್ತು. ಅವರು ಹಾಗೆ ಕೇಳಿದ್ದು ತಪ್ಪೂ ಅಲ್ಲ.

ವಯಸ್ಸಾದ ಸರ್ಜನ್ ಮಾತ್ರ ಕೊನೆಯವರೆಗೆ ಸುಮ್ನೆ ಕೇಳುತ್ತಿದ್ದರು. ಆಮೇಲೆ ತಮ್ಮ ಕಾಲದ ಆನರರಿ ಪದ್ಧತಿ ನೆನಪಿಸಿಕೊಂಡರು. ಪರೇಲ್‌ನ ಕೆಇಎಂ ಆಸ್ಪತ್ರೆ ಶುರುವಾದದ್ದು 1926ರಲ್ಲಿ. ಅಂಥ ದೊಡ್ಡ ಆಸ್ಪತ್ರೆಗಳಲ್ಲಿ ಹೆಸರಾಂತ ಡಾಕ್ಟರ್‌ಗಳು ಬೆಳಗ್ಗೆ ಸಂಬಳ ಇಲ್ಲದೆ ವಾರ್ಡ್ ನೋಡುತ್ತಿದ್ದರು, ಮಧ್ಯಾಹ್ನದ ಮೇಲೆ ತಮ್ಮ ಖಾಸಗಿ ಪ್ರಾಕ್ಟಿಸ್. ಅವರು ಸ್ಪೆಷಲಿಸ್ಟ್‌ಗಳು, ನನ್ನಂಥವರಲ್ಲ. ಆದರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಡುವುದು ಈ ಊರಿಗೆ ಹೊಸದಲ್ಲ ಅನ್ನುವುದು ಅವರ ಮಾತಿನ ಅರ್ಥ. ಕೋಣೆಯ ಗಾಳಿ ಸ್ವಲ್ಪ ಬದಲಾದದ್ದು ಆಗಲೇ.

ಕೊನೆಗೆ ಪತ್ರ ಬಂತು. ಒಂದು ವರ್ಷಕ್ಕೆ ತಾತ್ಕಾಲಿಕ. ಜನರಲ್ ವಾರ್ಡ್ ಮತ್ತು ರೂಮುಗಳಲ್ಲಿ ದೊಡ್ಡವರನ್ನು ನನ್ನ ಹೆಸರಲ್ಲಿ ಅಡ್ಮಿಟ್ ಮಾಡಬಹುದು. ಜ್ವರ, ವಾಂತಿ ಭೇದಿ, ಮೂತ್ರದ ಸೋಂಕು, ತೀವ್ರವಲ್ಲದ ನ್ಯುಮೋನಿಯಾ, ಹತೋಟಿ ತಪ್ಪಿದ ಶುಗರ್. ಐಸಿಯುಗೆ ಹೋದರೆ ಇನ್‌ಚಾರ್ಜ್ ಅಲ್ಲಿಯವರು. ಮಕ್ಕಳು, ಗರ್ಭಿಣಿಯರು ಆಯಾ ಸ್ಪೆಷಲಿಸ್ಟ್ ಹೆಸರಲ್ಲಿ. ಬೇರೆಯವರ ಹೆಸರಲ್ಲಿ ಇರುವ ನನ್ನ ಪೇಷಂಟ್‌ಗಳ ಕೇಸ್ ಪೇಪರ್ ನೋಡಬಹುದು, 'ಫ್ಯಾಮಿಲಿ ಡಾಕ್ಟರ್ ನೋಟ್' ಅಂತ ಬರೆಯಬಹುದು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಈ ಕೊನೆಯ ಸಾಲು.

ಹಕ್ಕು ಸಿಕ್ಕಿದ್ದು ಮಳೆಗಾಲದಲ್ಲಿ, ಕೂಡಲೇ ಡೆಂಗಿ ಶುರು. ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದ ಒಬ್ಬ ಹುಡುಗನನ್ನು ಅಡ್ಮಿಟ್ ಮಾಡಿದೆ. ಜ್ವರ ಇಳಿದಿತ್ತು. ಅವನು ಮನೆಗೆ ಹೋಗ್ತೀನಿ ಅನ್ನುತ್ತಿದ್ದ. ಆದರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಜಾಗ್ರತೆಯಾಗಿರಬೇಕಾದ ಹೊತ್ತು. ಅವನಿಗೆ ಹೊಟ್ಟೆನೋವು ಇತ್ತು, ವಾಂತಿ ನಿಂತಿರಲಿಲ್ಲ, ಹಿಮಾಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿತ್ತು. ಅಂದರೆ ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರುತ್ತಿದೆ ಅಂತ. ಸಲೈನ್ ಅಳತೆ ನೋಡಿ ನೋಡಿ ಕೊಡಬೇಕು, ಕಮ್ಮಿಯಾದರೂ ಅಪಾಯ, ಜಾಸ್ತಿಯಾದರೂ ಅಪಾಯ. ಅದೇ ಫಿಸಿಶಿಯನ್‌ಗೆ ಫೋನ್ ಮಾಡಿದೆ. ಬಂದು ನೋಡಿದರು, ಲೆಕ್ಕ ಸರಿ ಇದೆ ಅಂದರು.

ಹೋಟೆಲ್ ಮಾಲೀಕರಿಗೆ ಮಾತ್ರ ಪ್ಲೇಟ್‌ಲೆಟ್ ಚಿಂತೆ. "ಡಾಕ್ಟ್ರೇ, ಹುಡುಗನ ಅಮ್ಮ ಊರಿಂದ ಗಳಿಗೆಗೊಮ್ಮೆ ಫೋನ್ ಮಾಡ್ತಿದ್ದಾರೆ. ಪ್ಲೇಟ್‌ಲೆಟ್ ಒಂದು ಹಾಕಿಸಿಬಿಡಿ, ದುಡ್ಡು ನಾನು ಕೊಡ್ತೇನೆ." ರಕ್ತಸ್ರಾವ ಇಲ್ಲದಿದ್ದರೆ ಎಣಿಕೆ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಇದನ್ನು ಅವರಿಗೂ, ಫೋನಿನಲ್ಲಿ ಆ ಅಮ್ಮನಿಗೂ ಹೇಳಿದೆ. ಇದೇ ಮಾತನ್ನು ಬೇರೆ ಯಾರೋ ಹೇಳಿದ್ದರೆ ದುಡ್ಡು ಇಲ್ಲ ಅಂತ ಹೀಗೆ ಮಾಡ್ತಾರೆ ಅಂದುಕೊಳ್ಳುತ್ತಿದ್ದರೋ ಏನೋ. ಮಾಲೀಕರ ಇಡೀ ಮನೆಯನ್ನು ನಾನು ನೋಡಿದವಳು. ನಂಬಿದರು. ಹುಡುಗ ಪ್ಲೇಟ್‌ಲೆಟ್ ಇಲ್ಲದೆಯೇ ಗುಣವಾದ.

ಇನ್‌ಚಾರ್ಜ್ ಯಾರು ಅನ್ನುವುದು ಇನ್ಶೂರೆನ್ಸ್‌ನಲ್ಲೂ ಎಷ್ಟು ಮುಖ್ಯ ಅನ್ನುವುದು ನನಗೆ ಕೆಲಸ ಮಾಡುತ್ತಾ ಮಾಡುತ್ತಾ ತಿಳಿಯಿತು. ಕ್ಯಾಶ್‌ಲೆಸ್ ಫಾರ್ಮಿನಲ್ಲಿ ಚಿಕಿತ್ಸೆ ಕೊಡುವ ಡಾಕ್ಟರ್ ತುಂಬಬೇಕಾದ ಭಾಗ ಇದೆ. ಕಾಯಿಲೆ ಯಾವಾಗಿನಿಂದ, ಮೊದಲು ತೋರಿಸಿದ್ದು ಯಾವಾಗ, ಹಿಂದೆ ಏನೇನು ಇತ್ತು. ಒಬ್ಬ ಹೆಂಗಸಿನ ವಿಷಯದಲ್ಲಿ ಡ್ಯೂಟಿ ಡಾಕ್ಟರ್ ಶುಗರ್ ಎಷ್ಟು ವರ್ಷದಿಂದ ಅಂತ ಕೇಳಿದ. ಆಕೆ "ತುಂಬಾ ವರ್ಷ ಆತ್ರೀ" ಅಂದಳು. ಅವನು 10 ವರ್ಷ ಅಂತ ಬರೆದ. ಆಕೆಯ ಪಾಲಿಸಿ ಅಷ್ಟು ಹಳೆಯದಲ್ಲ. ಹಾಗೇ ಹೋಗಿದ್ದರೆ ಕಾಯಿಲೆ ಮುಚ್ಚಿಟ್ಟಿದ್ದಾರೆ ಅಂತ ಕ್ಲೇಮ್ ನಿಲ್ಲುತ್ತಿತ್ತು. ಆಕೆಯ ಶುಗರ್ ಮೊದಲು ಸಿಕ್ಕಿದ್ದೇ ನನ್ನ ಕ್ಲಿನಿಕ್‌ನಲ್ಲಿ, ಪಾಲಿಸಿ ತೆಗೆದ ಮೇಲೆ. ಅದಕ್ಕೆ ಮುಂಚಿನ ನಾರ್ಮಲ್ ರಿಪೋರ್ಟೂ ಫೈಲಿನಲ್ಲಿ ಇತ್ತು. ಎರಡನ್ನೂ ಲಗತ್ತಿಸಿ, ತಾರೀಖು ಹಾಕಿ ಸಹಿ ಮಾಡಿದೆ. ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆಯ 2024ರ ನಿಯಮದ ಪ್ರಕಾರ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 36 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, ಮೋಸ ಸಾಬೀತಾಗದ ಹೊರತು, ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಳ್ಳುವಂತಿಲ್ಲ. ಆದರೆ ಕೇಸ್ ಪೇಪರ್ ಮೇಲಿನ ಒಂದು ಅಂದಾಜಿನ ಅಂಕಿ ಬಡವರನ್ನು ಎಷ್ಟು ಅಲೆಸುತ್ತದೆ ಅಂತ ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನ ಜೊತೆ ಓದಿದವಳೊಬ್ಬಳು ಅಮೆರಿಕದಲ್ಲಿ ಫ್ಯಾಮಿಲಿ ಡಾಕ್ಟರ್. ಅಲ್ಲಿ ಹಿಂದೆ ಫ್ಯಾಮಿಲಿ ಡಾಕ್ಟರ್‌ಗಳೇ ಅಡ್ಮಿಟ್ ಮಾಡಿ, ಬೆಳಗ್ಗೆ ರೌಂಡ್ ಮುಗಿಸಿ ಕ್ಲಿನಿಕ್‌ಗೆ ಬರುತ್ತಿದ್ದರು. 1996ರಲ್ಲಿ 'ಹಾಸ್ಪಿಟಲಿಸ್ಟ್' ಅನ್ನುವ ಹೆಸರು ಬಂತು. ಆಸ್ಪತ್ರೆಯಲ್ಲೇ ಇದ್ದು ಅಡ್ಮಿಟ್ ಆದವರನ್ನು ಮಾತ್ರ ನೋಡುವ ಡಾಕ್ಟರ್‌ಗಳು. ಈಗ ಅಲ್ಲಿ ಬಹಳಷ್ಟು ಫ್ಯಾಮಿಲಿ ಡಾಕ್ಟರ್‌ಗಳು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಇಡೀ ದಿನ ವಾರ್ಡಿನಲ್ಲೇ ಡಾಕ್ಟರ್ ಇರುವುದರಿಂದ ಲಾಭ ಇದೆ, ಅವಳೂ ಒಪ್ಪುತ್ತಾಳೆ. ಆದರೆ ಅವಳ ದೂರು ನನ್ನದೇ. ಪೇಷಂಟ್ ವಾಪಸ್ ಬರುತ್ತಾರೆ, ಕಾಗದ ಬಂದಿರುವುದಿಲ್ಲ.

ಈ ಕೆಲಸದಲ್ಲಿ ದುಡ್ಡು ಇಲ್ಲ ಅನ್ನುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ರೌಂಡ್‌ಗೆ ಹೋಗುವ ಹೊತ್ತಿನಲ್ಲಿ ಕ್ಲಿನಿಕ್‌ನಲ್ಲಿ ಕೂತರೆ ಜಾಸ್ತಿ ಸಿಗುತ್ತದೆ. ಬೆಳಗ್ಗೆ ಏಳಕ್ಕೆ ವಾರ್ಡ್, ಆಮೇಲೆ ಓಪಿಡಿ, ಮಧ್ಯಾಹ್ನ ಮತ್ತೆ ವಾರ್ಡ್. ಮನೆಯವರಿಗೆ ಬೇಸರ ಆಗಿದೆ. ಕೆಲವು ಸ್ಪೆಷಲಿಸ್ಟ್‌ಗಳು ಇಂದಿಗೂ ನನ್ನ ನೋಟ್ ಓದುವುದಿಲ್ಲ. ಓದುವವರು ಈಗ ಅವರೇ ಫೋನ್ ಮಾಡುತ್ತಾರೆ. "ಈ ಅಜ್ಜಿ ಮನೆಯಲ್ಲಿ ನಿಜವಾಗಿ ಯಾವ ಮಾತ್ರೆ ತಗೋತಾರೆ ಹೇಳಿ" ಅಂತ ಆಪರೇಷನ್‌ಗೆ ಮುಂಚೆ ಅನಸ್ತೀಸಿಯಾ ಡಾಕ್ಟರ್ ಕೇಳುತ್ತಾರೆ. ಅಷ್ಟು ಸಾಕು ನನಗೆ, ನಾಳೆಯೂ ಏಳಕ್ಕೆ ಹೋಗುತ್ತೇನೆ.

ತಾತ್ಕಾಲಿಕ ಅವಧಿ ಮುಗಿಯುತ್ತಾ ಬಂದಿದೆ. ನವೀಕರಣದ ಅರ್ಜಿಯ ಜೊತೆ ಒಂದು ಕೋರಿಕೆ ಇಟ್ಟಿದ್ದೇನೆ. ಯಾರ ಹೆಸರಲ್ಲಿ ಅಡ್ಮಿಟ್ ಆಗಿದ್ದರೂ ಸರಿ, ಪೇಷಂಟ್ ಒಪ್ಪಿದರೆ ಡಿಸ್ಚಾರ್ಜ್ ಕಾರ್ಡಿನ ಒಂದು ಪ್ರತಿ ಅವರ ಫ್ಯಾಮಿಲಿ ಡಾಕ್ಟರ್‌ಗೆ ಅದೇ ದಿನ ಹೋಗಬೇಕು. ಅಡ್ಮಿಷನ್ ಫಾರ್ಮಿನಲ್ಲಿ ಫ್ಯಾಮಿಲಿ ಡಾಕ್ಟರ್ ಹೆಸರು, ಫೋನ್ ನಂಬರಿಗೆ ಒಂದು ಗೆರೆ ಇದ್ದರೆ ಸಾಕು. ಮೇಟ್ರನ್ ಒಪ್ಪಿದ್ದಾರೆ, ಕಮಿಟಿ ಮುಂದೆ ಇನ್ನೂ ಬರಬೇಕು.

ಅರ್ಜಿ ಹಾಕಬೇಕು ಅಂತಿರುವ ಡಾಕ್ಟರ್‌ಗಳು ಮೊದಲು ತಮ್ಮ ಬದಲಿಗೆ ಬರುವವರ ಪತ್ರ ಮಾಡಿಸಿಕೊಳ್ಳಿ. ಆಮೇಲೆ ಎಸಿಎಲ್‌ಎಸ್ ಕಾರ್ಡಿನ ತಾರೀಖು ನೋಡಿಕೊಳ್ಳಿ. ಮಾಡಲು ಬರುವುದನ್ನು ಮಾತ್ರ ಪಟ್ಟಿಯಲ್ಲಿ ಕೇಳಿ, ಜಾಸ್ತಿ ಕೇಳಿದರೆ ಇರುವುದೂ ಕೈತಪ್ಪುತ್ತದೆ. ಪೇಷಂಟ್ ಕಡೆಯವರು ಅಡ್ಮಿಷನ್ ಕೌಂಟರ್‌ನಲ್ಲೇ ಕೇಳಿ: ಇನ್‌ಚಾರ್ಜ್ ಯಾರು, ನಮ್ಮ ಡಾಕ್ಟರ್ ಬರೆದ ಪತ್ರ ಯಾವ ಫೈಲಿಗೆ ಹೋಯಿತು. ಆ ಪತ್ರದ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಡ್ಯೂಟಿ ಬದಲಾದಾಗ ಹೊಸದಾಗಿ ಬಂದವರಿಗೂ ತೋರಿಸಿ.